ಗೊತ್ತಾಗ್ಲಿಲ್ಲ ಮಾವ

ಶನಿವಾರ ಸಂಜೆ ಚುರುಟಿನಂಗಡಿಯ ಹಿಂದಿನ ಕೋಣೆಯಲ್ಲಿ ರುಚಿ ನೋಡುವವರು ಸೇರಿದರೆ ಮೂಲೆಯ ಕುರ್ಚಿ ನಿವೃತ್ತ ಗಡಿಯಾರ ರಿಪೇರಿಯವರದು. ರುಚಿ ಕೇಳಿದಾಗೆಲ್ಲ 'ಗೊತ್ತಾಗ್ಲಿಲ್ಲ' ಅನ್ನುವ ಅವರು ಎಲ್ಲರ ಬಾಯಲ್ಲಿ 'ಗೊತ್ತಾಗ್ಲಿಲ್ಲ ಮಾವ'. ಕೈಯಲ್ಲಿ ಸುತ್ತಿದ ದುಬಾರಿ ಚುರುಟನ್ನು ಅವರು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತುತ್ತಾರೆ, ಹಚ್ಚಿ ಹೊಗೆಯನ್ನು ಬಾಯಲ್ಲೇ ಹೊರಳಾಡಿಸಿ ಕಣ್ಣು ಮುಚ್ಚುತ್ತಾರೆ. ಹೊಗೆಯಲ್ಲಿ ಸಿಕ್ಕ ರುಚಿಗೆ ಹಲ್ಲಿನ ಡಾಕ್ಟರು "ಹುರಿದ ಕೋಕೋ" ಎಂದರೆ ತಲೆಯಾಡಿಸುತ್ತಾರೆ, ವಕೀಲರು "ಹಳೇ ಚರ್ಮ" ಎಂದರೆ ಅದಕ್ಕೂ ತಲೆಯಾಡಿಸಿ, ಆಮೇಲೆ ಕಕ್ಕಾಬಿಕ್ಕಿಯಾಗಿ, "ಚರ್ಮ ಅಂದ್ರೆ ಯಾವ್ದು ಸಾರ್, ಬೆಲ್ಟಿಂದಾ, ಚಪ್ಪಲೀದಾ?" ಎಂದು ಕೇಳುತ್ತಾರೆ. ಒಂದು ಸಲವೂ ಅವರ ನಾಲಿಗೆಗೆ ಕೋಕೋ ಹತ್ತಿಲ್ಲ, ಒಂದು ಶನಿವಾರವೂ ಅವರು ತಪ್ಪಿಸಿಲ್ಲ. ಕಳೆದ ವಾರ ಅಂಗಡಿಯವರು ಹೊಸ ಪೆಟ್ಟಿಗೆ ಬಿಚ್ಚಿ, "ಇವತ್ತು ಮೊದಲು ನೀವೇ ಹೇಳಿ ಮಾವ" ಅಂದರು. ಮಾವ ಚುರುಟು ಹಚ್ಚಲೇ ಇಲ್ಲ, ಮೂಸುತ್ತಲೇ ಕೂತರು. "ನಮ್ಮನೆಯವಳು ಮೂವತ್ತು ವರ್ಷ ಚುರುಟು ಸುತ್ತಿದ್ಲು," ಅಂದರು ಕೊನೆಗೆ. "ಎಷ್ಟು ಸೋಪು ಹಾಕಿ ಉಜ್ಜಿದ್ರೂ ಅವಳ ಕೈ ಹೀಗೇ ಇರ್ತಿತ್ತು. ಅವಳು ಹೋಗಿ ಆರು ವರ್ಷ ಆಯ್ತು. ಈ ವಾಸನೆಗೆ ನೀವೆಲ್ಲ ಏನಂತೀರಿ ಡಾಕ್ಟ್ರೇ?" ಡಾಕ್ಟರು ಉರಿಯುತ್ತಿದ್ದ ತಮ್ಮ ಚುರುಟನ್ನು ಬೂದಿಬಟ್ಟಲಿಗೆ ಒತ್ತಿ ಆರಿಸಿದರು. ಅದನ್ನು ನೋಡಿ ವಕೀಲರೂ ಆರಿಸಿದರು.