ಗಂಗವ್ವತ್ತಿ ಹಣೆ ಮುಟ್ಟಿದರೆ

ನಮ್ಮ ಗಂಗವ್ವತ್ತಿ ಒಬ್ಬರ ಹಣೆ ಮುಟ್ಟಿ ಇನ್ನೊಬ್ಬರ ಜ್ವರ ಹೇಳುತ್ತಿದ್ದಳು. ಮುಂಜಾನೆ ಚಹಾ ಆಗುವ ಮೊದಲು, ಜಮಖಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ, ನಾರ್ವೆ ದೇಶದಿಂದ ಬಂದಿದ್ದ ಇಂಗ್ರಿಡ್ ಎಂಬ ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡು ಅವಳ ಹಣೆಯ ಮೇಲೆ ಅಂಗೈ ಇಡುತ್ತಿದ್ದಳು. ಕಣ್ಣು ಮುಚ್ಚಿ ತುಸು ಹೊತ್ತು ಹಾಗೇ ಇರುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮಗಳು ಛಲೋ ಅದಾಳಲೇ ಬಸ್ಯಾ. ರಾತ್ರಿ ನಿದ್ದಿ ಆಗೇತಿ," ಅನ್ನುತ್ತಿದ್ದಳು.

ನನ್ನ ಮಗಳು ಸುಮಾ ಆಗ ಇದ್ದದ್ದು ನಾರ್ವೆಯಲ್ಲಿ, ಇದೇ ಇಂಗ್ರಿಡ್‌ಳ ಮನೆಯಲ್ಲಿ.

ಊರಿನ ದೊಡ್ಡ ಮಂದಿಯ ಕ್ಲಬ್ಬೊಂದು ಹೈಸ್ಕೂಲ್ ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ದೇಶದಿಂದ ದೇಶಕ್ಕೆ ಅದಲು ಬದಲು ಮಾಡುವ ಒಂದು ಏರ್ಪಾಡು ತಂದಿತ್ತು. ಭಾಷಣದಲ್ಲಿ ಮುಂದಿದ್ದ ಸುಮಾ ಆಯ್ಕೆಯಾದಳು. ಅವಳು ಅವರ ಮನೆಯಲ್ಲಿದ್ದು ಅವರ ಸಾಲೆಗೆ ಹೋಗಬೇಕು, ಅವರ ಹುಡುಗಿ ನಮ್ಮ ಮನೆಯಲ್ಲಿದ್ದು ನಮ್ಮ ಸಾಲೆಗೆ ಬರಬೇಕು. ಇಡೀ ಓಣಿ ಹಿಗ್ಗಿತು. ನಾನೊಬ್ಬ ಅಂಜಿದೆ. ಅದರಲ್ಲಿ ವಿಶೇಷವೇನೂ ಇಲ್ಲ, ನಾನು ಅಂಜುವುದೇ ಹಾಗೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮುಧೋಳದವರೆಗೆ ಹೋದ ಬಸ್ಸಿನಿಂದ ಇಳಿದು, ಬೇರೆ ಬಸ್ಸು ಹತ್ತಿ ವಾಪಸ್ ಬಂದವನು ನಾನು. ಗ್ಯಾಸ್ ಬಂದ್ ಇತ್ತು. ಮನೆಯ ಬಾಗಿಲಿಗೆ ಕೀಲಿ ಹಾಕಿರಲಿಲ್ಲ.

ಅತ್ತಿ ಖಂಡಿತ ಬೇಡ ಅನ್ನುತ್ತಾಳೆ, ಆಗ ನಾನೂ ಬೇಡ ಅಂದರಾಯಿತು ಎಂದು ಕಾದಿದ್ದೆ. ಅವಳು ಎಲ್ಲ ಕೇಳಿಸಿಕೊಂಡು, ಎಲೆಗೆ ಸುಣ್ಣ ಸವರುತ್ತ, "ಅಂದ್ರ ಇದು ಸಾಟಿ. ಕಳಸು. ಸಾಟಿಯೊಳಗ ಹ್ವಾದ ಹುಡುಗಿ ಅನಾಥ ಆಗೂದಿಲ್ಲ," ಅಂದಳು.

ಸಾಟಿಯ ಸಂಗತಿ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ನಮ್ಮಲ್ಲಿ ಯಾರೂ ಇರಲಿಲ್ಲ. ಅವಳು ನಮ್ಮಪ್ಪನ ತಂಗಿ. ಅವಳನ್ನು ಬೀಳಗಿ ತಾಲೂಕಿನ, ಅನಗವಾಡಿ ಕಡೆಯ ಒಂದು ನದೀದಂಡೆಯ ಊರಿಗೆ ಕೊಟ್ಟು, ಆ ಮನೆಯ ಹುಡುಗಿಯನ್ನು ನಮ್ಮಪ್ಪನಿಗೆ ತಂದಿದ್ದರು. ಆ ಹುಡುಗಿಯೇ ನಮ್ಮವ್ವ. ಹುಡುಗಿ ಕೊಟ್ಟು ಹುಡುಗಿ ತರುವ ಇಂಥ ಸಾಟಿ ಲಗ್ನದಲ್ಲಿ ಎರಡೂ ಮನೆಗಳ ಸುಖದುಃಖ ಒಂದೇ ಹಗ್ಗದ ಎರಡು ತುದಿಗೆ ಕಟ್ಟಿದ ಹಾಗೆ. ಅತ್ತಿ ಅದನ್ನು ನಗುತ್ತಲೇ ಹೇಳುತ್ತಿದ್ದಳು: "ನಿಮ್ಮಪ್ಪ ಇಲ್ಲಿ ನಿಮ್ಮವ್ವಗ ಒಂದ ಏಟು ಹಾಕಿದ್ರ, ನಾಕ ದಿನಕ್ಕ ನನಗ ಅಲ್ಲಿ ಬೀಳತಿತ್ತು. ಸುದ್ದಿ ಬರಾಕ ಅಷ್ಟ ಹೊತ್ತು ಬೇಕಲಾ." ಎಲೆ ಮಡಚಿ ಬಾಯಿಗಿಟ್ಟುಕೊಂಡ ಮೇಲೆ, ನಗು ಇಲ್ಲದೆ, ಮುಂದಿನದನ್ನು ಹೇಳುತ್ತಿದ್ದಳು: "ಬರಬರತ ಸುದ್ದಿ ಬರೂಕ್ಕಿಂತ ಮೊದಲ ಬೀಳಾಕತ್ತಿತು."

ನಮ್ಮವ್ವ ತೀರಿಕೊಂಡಾಗ ಹೇಳಿಕಳಿಸಿದ ಆಳು ಆ ಊರು ಮುಟ್ಟುವಷ್ಟರಲ್ಲಿ ಅತ್ತಿ ಗಂಟು ಕಟ್ಟಿಕೊಂಡು ಬಸ್ಸಿನ ದಾರಿ ನೋಡುತ್ತ ಕೂತಿದ್ದಳಂತೆ. ಆವತ್ತಿನಿಂದ ಅವಳಿಗೆ ಎಡಗಿವಿ ಕೇಳಲಿಲ್ಲ. ಮುಂದೆ ಮಾವ ಹೋದರು. ಆಲಮಟ್ಟಿ ಅಣೆಕಟ್ಟಿನ ನೀರು ಹಿಂದಕ್ಕೆ ಒತ್ತಿ ನಿಂತು ಊರೂ ಹೋಯಿತು. ಪುನರ್ವಸತಿ ಕೇಂದ್ರದ ಜಾಗವನ್ನು ಮೈದುನನಿಗೆ ಬಿಟ್ಟು ಅತ್ತಿ ನಮ್ಮಲ್ಲಿಗೆ ಬಂದಳು.

ಹೀಗೆ ಇಂಗ್ರಿಡ್ ಬಂದಾಗ ಅವಳಿಗೆ ಸಿಕ್ಕಿದ್ದು ಅತಿಥಿಯ ಮರ್ಯಾದೆಯಲ್ಲ, ಸಾಟಿಯ ಹುಡುಗಿಯ ಆರೈಕೆ. ಅತ್ತಿ ಅವಳನ್ನು ಇಂದ್ರವ್ವ ಎಂದು ಕರೆದಳು, ತಲೆಗೆ ಎಣ್ಣೆ ಒತ್ತಿದಳು, ತಾಟಿನ ಮುಂದೆ ಕಾವಲು ಕೂತಳು. ಇಂಗ್ರಿಡ್ ಕನ್ನಡ ಕಲಿತದ್ದೂ ಅವಳ ಬಾಯಿಂದಲೇ. ನಮ್ಮ ನಾಯಿಗೂ "ಬರ್ರಿ, ಕುಂದರ್ರಿ" ಅನ್ನುತ್ತಿದ್ದಳು. ಅವಳ ಒಂದು ಚಾಳಿ ಮಾತ್ರ ನನ್ನನ್ನು ಕಾಡುತ್ತಿತ್ತು. ಅತ್ತಿ ಎದುರಿಗೆ ಕೂತಾಗಲೆಲ್ಲ ಆ ಹುಡುಗಿ ಥಟ್ಟನೆ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಯಾಕೆಂದು ಕೇಳಿದೆ.

"ಅತ್ತಿ ನನ್ನ ನೋಡೂದಿಲ್ಲರಿ ಕಾಕಾ," ಅಂದಳು. "ನನ್ನ ಹಿಂದ ಯಾರನೋ ನೋಡ್ತಾರರಿ."

ಬಂದ ಹೊಸದರಲ್ಲಿ ಒಮ್ಮೆ ಇಂಗ್ರಿಡ್ ಊಟ ಬಿಟ್ಟಳು. ಅತ್ತಿ ಹಣೆ ಮುಟ್ಟಿ, ಸುಮಾ ಅಲ್ಲಿ ಉಪವಾಸ ಇದ್ದಾಳೆ ಅಂದಳು. ಫೋನ್ ಮಾಡಿದರೆ ಖರೆ. ಮನೆ ಬಿಟ್ಟ ಮಕ್ಕಳು, ಇಬ್ಬರಿಗೂ ಊರ ನೆನಪು, ಇದರಲ್ಲೇನು ದೊಡ್ಡದು ಎಂದು ನಾನು ನನ್ನ ಹೆಂಡತಿ ಶೋಭಾಳಿಗೆ ತಿಳಿಸಿ ಹೇಳಿದೆ. ಆಮೇಲೆ ಚಳಿಗಾಲದಲ್ಲಿ ಇಂಗ್ರಿಡ್ ರೊಟ್ಟಿ ಬಡಿಯುವುದನ್ನು ಕಲಿಯಲು ಹೋಗಿ ಬಲಗೈ ಬೆರಳ ತುದಿಗಳನ್ನು ಹಂಚಿಗೆ ತಾಗಿಸಿಕೊಂಡಳು. ಅತ್ತಿ ಲೋಳಸರದ ತಿರುಳು ಹಚ್ಚಿ, ಹಣೆ ಮುಟ್ಟಿ, "ಅಲ್ಲೂ ಕೈಗೆ ಏನೋ ಆಗೇತಿ. ಬಲಗೈ," ಅಂದಳು. ಸುಮಾ ಫೋನಿನಲ್ಲಿ ನಕ್ಕಳು. ಕೈಗವಸು ಹಾಕಿಕೊಳ್ಳದೆ ಹಿಮದಲ್ಲಿ ಬಸ್ಸಿಗೆ ನಿಂತಿದ್ದಳಂತೆ, ಬೆರಳ ತುದಿ ಬೆಳ್ಳಗಾಗಿ, ಬೆಂಕಿಗೆ ಸುಟ್ಟ ಹಾಗೆ ಬೊಬ್ಬೆ ಎದ್ದಿದ್ದವಂತೆ. "ನಿಮಗ ಯಾರು ಹೇಳಿದ್ರು?" ಅಂದಳು. ಯಾವ ಕೈ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಶೋಭಾ ಫೋನ್ ಕಸಿದುಕೊಂಡು ಕೇಳಿದಳು. ಬಲಗೈ ಎಂಬುದನ್ನು ಕೇಳಿಸಿಕೊಂಡು, ಫೋನ್ ನನ್ನ ಕೈಗಿಟ್ಟು ಒಳಗೆ ಹೋದಳು.

ಅಲ್ಲಿಂದ ನಾನು ಇಂಗ್ರಿಡ್‌ಳ ಬೆನ್ನು ಬಿಡಲಿಲ್ಲ. ಮಗಳನ್ನು ಕಾಯಲು ನಾರ್ವೆಗೆ ಹೋಗುವ ತಾಕತ್ತಿಲ್ಲ, ಇಲ್ಲಿದ್ದ ತುದಿಯನ್ನಾದರೂ ಭದ್ರ ಹಿಡಿಯಬೇಕಲ್ಲ. ಸೈಕಲ್ ಬಂದ್ ಮಾಡಿದೆ. ಬಾವಿಕಟ್ಟೆ ಬಂದ್, ಐಸ್‌ಕ್ರೀಮ್ ಬಂದ್. ಅವಳು ಸೀನಿದರೆ ನಾನು ನಾರ್ವೆಗೆ ಫೋನ್ ಹಚ್ಚುತ್ತಿದ್ದೆ. ಒಂದು ದಿನ ಸುಮಾ ಫೋನಿನಲ್ಲಿ ಸಿಡಿಮಿಡಿಗೊಂಡಳು: "ಅಪ್ಪಾ, ನೀವು ಅಲ್ಲಿ ಏನ ಮಾಡಾಕತ್ತೀರಿ? ಇಂಗ್ರಿಡ್‌ನ ಅಜ್ಜಿ ನನಗ ಸ್ಕೀಯಿಂಗ್ ಬಂದ್ ಮಾಡ್ಯಾರ." ಇಂಗ್ರಿಡ್ ತನ್ನ ತಾಯಿಗೆ ದೂರು ಹೇಳಿರಬೇಕು ಎಂದುಕೊಂಡೆ. ಹೇಳಿಲ್ಲ ಅಂದಳು ಇಂಗ್ರಿಡ್.

ಬೇಸಿಗೆಗೆ ಹಿನ್ನೀರು ಇಳಿಯಿತು. ನೀರಿಳಿದಾಗ ಮುಳುಗಿದ ಊರಿನ ತಳಪಾಯಗಳು ಹೊರಗೆ ಕಾಣುತ್ತವೆ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ತನ್ನ ಮನೆಯ ಹೊಸ್ತಿಲಿದ್ದ ಜಾಗಕ್ಕೆ ಅರಿಶಿಣ ಕುಂಕುಮ ಏರಿಸಿ ಬರುವುದು ಅತ್ತಿಯ ಪದ್ಧತಿ. ಇಂಗ್ರಿಡ್ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ನಾನು ಬೇಡ ಅಂದೆ. ಅತ್ತಿ, "ಬರ್ಲಿ ಬಿಡು, ಆ ಮನಿ ಅಕೀದೂ ಹೌದು," ಅಂದಳು. ಯಾವ "ಅಕಿ" ಎಂದು ನಾನು ಕೇಳಲಿಲ್ಲ.

ಬಾಡಿಗೆ ಜೀಪಿನಿಂದ ಇಳಿದಾಗ ಹನ್ನೊಂದರ ಬಿಸಿಲು. ಅಷ್ಟು ಬೆಳಕಿನಲ್ಲಿ ಹೆದರುವಂಥದ್ದು ಏನೂ ಇರಬಾರದು. ಆದರೂ ಆ ಊರಿನಲ್ಲಿ ಹಕ್ಕಿಯ ದನಿ ಇರಲಿಲ್ಲ. ಮೊಣಕಾಲೆತ್ತರದ ಗೋಡೆಗಳು, ನಡುವೆ ಬಿರುಕು ಬಿಟ್ಟ ಮಣ್ಣು, ತೂಬಿಲ್ಲದ ಬಚ್ಚಲು, ಒಂದು ಒರಳುಕಲ್ಲು, ಅದರ ತುಂಬ ಶಂಖದ ಹುಳದ ಚಿಪ್ಪು. ಅತ್ತಿ ಆ ಮಣ್ಣಿನಲ್ಲಿ ಇಲ್ಲದ ಬಾಗಿಲುಗಳಿಗೆ ತಲೆ ಬಗ್ಗಿಸಿ ಒಳಗೆ ಹೋಗಿ, ತಲೆ ಬಗ್ಗಿಸಿ ಹೊರಗೆ ಬರುತ್ತಿದ್ದಳು. ಆಶ್ಚರ್ಯವೆಂದರೆ ಇಂಗ್ರಿಡ್ ಕೂಡ ಅದೇ ಜಾಗಗಳಲ್ಲಿ ತಲೆ ಬಗ್ಗಿಸುತ್ತಿದ್ದಳು. ಅತ್ತಿಯನ್ನು ನೋಡಿ ಮಾಡುತ್ತಿದ್ದಾಳೆ ಎಂದುಕೊಂಡೆ. ಆದರೆ ಅತ್ತಿ ಹೊಸ್ತಿಲ ಹತ್ತಿರ ಕೂತು ಹಿಂದೆ ಉಳಿದ ಮೇಲೂ ಅವಳು ಮುಂದಿನ ಮನೆಗಳಲ್ಲಿ ಹಾಗೇ ಬಗ್ಗುತ್ತ ಹೋದಳು.

ಮುಂದಿದ್ದ ಹುಡುಗಿ ನೀರಿನ ಕಡೆ ನಾಲ್ಕು ಹೆಜ್ಜೆ ಇಟ್ಟಳು, ಸೊಂಟದ ತನಕ ಹೂತಳು. ಮೇಲೆ ಒಣಗಿದ ಹಾಗೆ ಕಂಡ ಮಣ್ಣಿನ ಕೆಳಗೆ ಬರೀ ರಾಡಿ. ಅವಳು ಕೂಗಲಿಲ್ಲ. ನಾನೂ ಕೂಗಲಿಲ್ಲ. ಇಷ್ಟು ವರ್ಷ ಅಂಜಿಕೊಂಡೇ ತಾಲೀಮು ಮಾಡಿದ್ದ ನನಗೆ, ಖರೆ ಅಂಜಿಕೆ ಬಂದಾಗ ದನಿಯೇ ಹೊರಡಲಿಲ್ಲ. ಅತ್ತಿ ಎದ್ದು, ತನ್ನ ಓಣಿಯ ಹಾಸುಗಲ್ಲು ಎಲ್ಲಿದೆ ಎಂದು ಕಾಲಿನಿಂದಲೇ ತಡವುತ್ತ ಹೋಗಿ, ಸೀರೆಯ ಸೆರಗು ಎಸೆದಳು.

"ಸುಮವ್ವಾ, ಹಿಂದಕ ತಿರಗವ್ವಾ. ಮುಂದ ಹೆಜ್ಜಿ ಇಡಬ್ಯಾಡ."

ಇಂಗ್ರಿಡ್ ತನ್ನದಲ್ಲದ ಆ ಹೆಸರಿಗೆ ತಿರುಗಿದಳು. ನಾನೂ ಜೀಪಿನ ಡ್ರೈವರನೂ ಸೇರಿ ಎಳೆದೆವು. ದಂಡೆಗೆ ಬಂದ ಮೇಲೆ ಅತ್ತಿ ರಾಡಿಯ ಕೈಯನ್ನೇ ಅವಳ ಹಣೆಗಿಟ್ಟು ಬಹಳ ಹೊತ್ತು ಕೂತಳು. ಸುಮಾ ಹೇಗಿದ್ದಾಳೆ ಎಂದು ನಾನು ಕೇಳಿದೆ. ಮತ್ತೊಮ್ಮೆ ಕೇಳಿದೆ.

"ಗೊತ್ತಾಗವಲ್ದು ಬಸ್ಯಾ," ಅಂದಳು. "ನನ್ನ ಕೈ ಮ್ಯಾಲ ಯಾರೋ ಕೈ ಇಟ್ಟಾರ."

ಬೀಳಗಿಯ ಫೋನ್ ಬೂತಿನಿಂದ ನಾರ್ವೆಗೆ ಹಚ್ಚಿದೆ. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಜಮಖಂಡಿಗೆ ಬಂದು ಹಚ್ಚಿದೆ, ಎತ್ತಲಿಲ್ಲ. ಆ ಹೊತ್ತಿನಲ್ಲಿ ನಾನು ನನ್ನ ಮಗಳನ್ನು ಎಷ್ಟು ರೀತಿಯಲ್ಲಿ ಕಳೆದುಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸಂಜೆಯ ಹೊತ್ತಿಗೆ ಸುಮಾಳೇ ಎತ್ತಿದಳು. ಏನೂ ಆಗಿಲ್ಲ ಅಂದಳು. ಮುಂಜಾನೆ ಮನೆಯ ಹಿಂದಿನ, ಅಲ್ಲಿಯ ಚಳಿಗೆ ಇನ್ನೂ ಹೆಪ್ಪುಗಟ್ಟಿಯೇ ಇದ್ದ ಕೆರೆಯ ಮೇಲೆ ನಡೆದು ಹೋಗುತ್ತಿದ್ದಳಂತೆ. ಇಂಗ್ರಿಡ್‌ಳ ಅಜ್ಜಿ ಒಳಚಪ್ಪಲಿಯಲ್ಲೇ ದಂಡೆಗೆ ಓಡಿಬಂದು ಹಿಂದಕ್ಕೆ ಕರೆದು, ಕೈಹಿಡಿದು ಅಡುಗೆಮನೆಗೆ ಒಯ್ದು ಕೂಡಿಸಿ, ಹೊರಗಿನ ಕೋಣೆಯಲ್ಲಿ ಫೋನ್ ಹೊಡೆದರೂ ಕೈ ಬಿಡಲಿಲ್ಲವಂತೆ.

"ಯಾಕಂತ ಕೇಳಿದ್ಯಾ?" ಅಂದೆ.

"ಹೇಳಲಿಲ್ಲಪಾ. ನನ್ನ ಹಣಿ ಮ್ಯಾಲ ಕೈ ಇಟ್ಟು ಸುಮ್ನ ಕುಂತಿದ್ರು. ದಿನಾ ಇಡ್ತಾರ. ಇವತ್ತ ಭಾಳ ಹೊತ್ತು ಇಟ್ರು."

ನಾನು ಅತ್ತಿಗೆ ಇದನ್ನು ಹೇಳಿದಾಗ ಅವಳು ಬೆರಗಾಗಲಿಲ್ಲ. ಎಲೆಗೆ ಸುಣ್ಣ ಸವರುತ್ತ, "ಹಂಗಾರ ಆ ಮುದುಕೀನೂ ಸಾಟಿಗೆ ಕೊಟ್ಟ ಹೆಣ್ಣ ಇರಬೇಕು," ಅಂದಳು.

ಇಂಗ್ರಿಡ್ ಹೊರಡುವ ದಿನ ಅತ್ತಿ ಮಗಳಿಗೆ ತುಂಬುವ ಹಾಗೆ ಅವಳ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ. ಅದರ ಜೊತೆ ರಬಕವಿಯಿಂದ ತರಿಸಿದ ಒಂದು ಸೀರೆ. ಅದು ಆ ಮುದುಕಿಗೆ ಎಂದಳು. ಇಂಗ್ರಿಡ್ ಅತ್ತಳು, ನಕ್ಕಳು, ಕೊನೆಗೊಮ್ಮೆ ಹಿಂದಕ್ಕೆ ತಿರುಗಿ ನೋಡಿ ಹೋದಳು. ಅದೇ ವಾರ ಸುಮಾ ಬಂದಳು, ಎತ್ತರವಾಗಿ, ಬೆಳ್ಳಗಾಗಿ. ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತ ಅವಳೂ ಥಟ್ಟನೆ ಹಿಂದಕ್ಕೆ ತಿರುಗಿದಾಗ ನಾನು ಕೈಯ ಬಸಿ ಕೆಳಗಿಟ್ಟು ಅವಳ ಹಿಂದೆ ನೋಡಿದೆ. ಅವಳ ಚೀಲದಲ್ಲಿ ಅತ್ತಿಗೆಂದು ಆ ಅಜ್ಜಿ ಹೆಣೆದುಕೊಟ್ಟ ಉಣ್ಣೆಯ ಕೈಗವಸುಗಳಿದ್ದವು. ಅಳತೆ ಯಾರೂ ಕೊಟ್ಟಿರಲಿಲ್ಲ, ಅಜ್ಜಿ ತನ್ನ ಕೈಗೇ ಹಿಡಿದು ನೋಡಿ ಹೆಣೆದಳಂತೆ. ಅತ್ತಿಗೆ ಹೇಳಿ ಮಾಡಿಸಿದ ಹಾಗೆ ಕೂತವು. ಜಮಖಂಡಿಯ ಕಡುಬಿಸಿಲಿನಲ್ಲೂ ಅವನ್ನು ಹಾಕಿಕೊಂಡು ಕಟ್ಟೆಯ ಮೇಲೆ ಕೂಡುವಳು. ಕೇಳಿದವರಿಗೆಲ್ಲ, "ಬೀಗತಿ ಕಳಸ್ಯಾಳ," ಅನ್ನುವಳು. ನಡುವೆ ಎಂದಾದರೂ, ಯಾರೂ ಕೇಳದೆಯೇ, "ಇವತ್ತ ಅಕಿಗೆ ಮೊಣಕಾಲ ನೋವು," ಎಂದು ತನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವಳು.

ವರ್ಷಗಳು ಹೋದವು. ಸುಮಾ ಸಮೀರವಾಡಿಯ ಸಾಲೆಯಲ್ಲಿ ಟೀಚರ್ ಆದಳು. ಇಂಗ್ರಿಡ್‌ಳ ಫೋನ್ ಹಬ್ಬಕ್ಕೊಮ್ಮೆ ಬರುತ್ತಿತ್ತು.

ಒಂದು ಮುಂಜಾನೆ ಅತ್ತಿ ಕೈಗವಸು ಹಾಕಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಚಳಿಯಾ ಎಂದು ಕೇಳಿದೆ. "ನನಗಲ್ಲ," ಅಂದಳು. ಶೋಭಾ ಚಹಾ ತಂದಿಟ್ಟು ಹೋದಳು, ನಾನು ಸ್ನಾನ ಮುಗಿಸಿ ಬಂದೆ. ಚಹಾ ಹಾಗೇ ಇತ್ತು. ನಾನು ಅವಳ ಎದುರಿಗೆ ಕೂತೆ. ಆಯುಷ್ಯವಿಡೀ ಕೆಟ್ಟದ್ದೇ ಊಹಿಸುತ್ತ ಬಂದವನಿಗೆ ಆ ಹೊತ್ತು ಏನನ್ನೂ ಊಹಿಸುವ ಕೆಲಸ ಉಳಿದಿರಲಿಲ್ಲ. ಅಂಗೈ ಚಾಚಿ ಅವಳ ತಣ್ಣಗಾದ ಹಣೆಯ ಮೇಲೆ ಇಟ್ಟೆ.

ಫೋನ್ ಹೊಡೆಯಿತು. ಉದ್ದನೆಯ ವಿದೇಶದ ನಂಬರು. ಎತ್ತಿದೆ. ಆ ಕಡೆ ಬರೀ ಉಸಿರು ಕೇಳುತ್ತಿತ್ತು, ಅಳು ತಡೆದುಕೊಂಡವರ ಉಸಿರು.

"ಇಂದ್ರವ್ವಾ," ಅಂದೆ. "ನಿಮ್ಮಜ್ಜಿ ಯಾವಾಗ ಹ್ವಾದ್ರವಾ?"