ಸೋದರಮಾವನಿಗೆ ಎಷ್ಟು ಅಂಕ?

ಶಿವನಿ ರೈಲು ನಿಲ್ದಾಣದ ಎದುರಿನ ಸೈಕಲ್ ಶಾಪಿನ ಗೋಡೆಯ ಮೇಲೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಚಿಕ್ಕಬೀರಪ್ಪ ಸೈಕಲ್ಲನ್ನು ಕಂಬಕ್ಕೆ ಒರಗಿಸಿ, ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬಂದ ಬಕೆಟ್ ಇಳಿಸುತ್ತಾರೆ. ಬಕೆಟ್ಟಿನಲ್ಲಿ ಮೈದಾ ಅಂಟು, ಅದಕ್ಕೊಂದು ಚಿಟಿಕೆ ಮೈಲುತುತ್ತ. ಮೈಲುತುತ್ತ ಬೆರೆಸದಿದ್ದರೆ ಹೊತ್ತೇರುವುದರೊಳಗೆ ಪೋಸ್ಟರ್ ದನದ ಹೊಟ್ಟೆ ಸೇರುತ್ತದೆ. ತೆಂಗಿನ ನಾರಿನ ಕುಂಚದಿಂದ ಗೋಡೆಗೆ ಎರಡು ಸಲ ಬಳಿದು, ಕಾಗದದ ಮೇಲಂಚು ಹಿಡಿದು ಅಂಟಿಸಿ, ಅಂಗೈಯಿಂದ ನಿಧಾನವಾಗಿ ಕೆಳಗೆ ಸವರುತ್ತಾ ಬರುತ್ತಾರೆ. ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ.

ಪೋಸ್ಟರಿನಲ್ಲಿ ಹಲಗೆ ಸೇತುವೆಯ ಮೇಲೆ ಕತ್ತಿ ಹಿಡಿದು ನಿಂತ ಹುಡುಗ. ಮೇಲೆ ದಪ್ಪ ಅಕ್ಷರದಲ್ಲಿ ‘ಒಂಟಿ ಸೇತುವೆ’. ಕೆಳಗೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಗಿರಿಜಾ ಟಾಕೀಸ್, ಅಜ್ಜಂಪುರ. ಅದರ ಕೆಳಗೆ ಇನ್ನೊಂದು ಸಾಲು: ಇದೇ ಮೊದಲ ಬಾರಿಗೆ ಕನ್ನಡ ಅಡಿಬರಹದೊಂದಿಗೆ. ಚಿಕ್ಕಬೀರಪ್ಪನವರ ಕೈ ಆ ಸಾಲಿನ ಮೇಲೆ ಬಂದಾಗ ಒಂದು ಗಳಿಗೆ ನಿಲ್ಲುತ್ತದೆ.

“ಈ ಸಾಲು ನೋಡಿ, ನನ್ ಮೇಲೆ ಹೊರಟಿರೋ ವಾರಂಟು ಕಣ್ರೀ ಇದು. ನಾನೇ ಊರೂರಿಗೆ ಅಂಟಿಸ್ತಾ ಇವ್ನಿ,” ಎಂದು ನಗುತ್ತಾರೆ. ನಗು ಪೂರ್ತಿ ಬರುವುದಿಲ್ಲ.

ಅರವತ್ತಾರು ವರ್ಷದ ಚಿಕ್ಕಬೀರಪ್ಪ ಗಿರಿಜಾ ಟಾಕೀಸಿನ ಗೇಟ್‌ಕೀಪರ್. ಪೋಸ್ಟರ್ ಅಂಟಿಸುವವರೂ ಅವರೇ, ಕಸ ಹೊಡೆಯುವವರೂ ಅವರೇ, ಮಧ್ಯೆ ಕರೆಂಟ್ ಹೋದರೆ ಜನರಿಂದ ಬೈಸಿಕೊಳ್ಳುವವರೂ ಅವರೇ. ಐವತ್ತು ವರ್ಷದಿಂದ ಇದೇ ಕೆಲಸ. ಹಿಂದೆಲ್ಲ ವಾರಕ್ಕೆ ನೂರಿಪ್ಪತ್ತು ಪೋಸ್ಟರ್ ಅಂಟಿಸುತ್ತಿದ್ದವರು ಈಗ ತಿಂಗಳಿಗೆ ಇಪ್ಪತ್ತನಾಲ್ಕಕ್ಕೆ ಇಳಿದಿದ್ದಾರೆ. ನಾನೂರಹನ್ನೆರಡು ಕುರ್ಚಿಯ ಟಾಕೀಸಿನಲ್ಲಿ ಶನಿವಾರ, ಭಾನುವಾರ ಮಾತ್ರ ಆಟ. ಅದರಲ್ಲೂ ತಿಂಗಳ ಮೊದಲ ಭಾನುವಾರದ ಬೆಳಗಿನ ಆಟ ಕುಂಗ್‌ಫೂ ಸಂಘದವರದು, ಟಿಕೆಟ್ ಕೊಂಡರೆ ಬೇರೆಯವರೂ ಬರಬಹುದು.

ಈ ಸಂಘದ ವಿಚಾರ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ನಲವತ್ತಾರು ಮಂದಿ ಇದರಲ್ಲಿದ್ದಾರೆ. ಮೇಷ್ಟರಿದ್ದಾರೆ, ಟೈಲರಿದ್ದಾರೆ, ಕಂಡಕ್ಟರಿದ್ದಾರೆ, ಮೊಮ್ಮಕ್ಕಳನ್ನು ಕಂಡ ಗೃಹಿಣಿಯರಿದ್ದಾರೆ. ಕೂಡಿಸಿದವರು ಶಿವನಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಷಡಕ್ಷರಿ. ಹಾಂಗ್‌ಕಾಂಗಿನ ಹಳೆಯ ನಿರ್ದೇಶಕನೊಬ್ಬನ ಹದಿನೆಂಟು ಚಿತ್ರಗಳನ್ನೂ ಸಾಲಾಗಿ ನೋಡಿ, ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡುವುದು ಇವರ ಹಟ. ಆತನ ಹೆಸರು ಯಾರ ನಾಲಿಗೆಗೂ ಹೊರಳುವುದಿಲ್ಲ. ಪ್ರತಿ ಚಿತ್ರದಲ್ಲೂ ಬಿದಿರು ಮೆಳೆಯೊಳಗೊಂದು ಹೊಡೆದಾಟ ಇರುವುದರಿಂದ ‘ಬಿದಿರು ಡೈರೆಕ್ಟರ್’ ಎಂದೇ ಕರೆಯುತ್ತಾರೆ. ಅಂಕದ ವಿಷಯಕ್ಕೆ ಆಗುವ ಜಗಳಗಳು ಪಂಚಾಯ್ತಿ ಚುನಾವಣೆಗೂ ಆಗುವುದಿಲ್ಲ. ನಾಯಕ ಹತ್ತಿದಾಗ ಕರಿ ಕುದುರೆ, ಇಳಿದಾಗ ಕಂದು ಕುದುರೆ ಎಂದು ಯಾರೋ ಅರ್ಧ ಅಂಕ ಕತ್ತರಿಸಿದ್ದಕ್ಕೆ ಇಬ್ಬರು ಕಂಡಕ್ಟರುಗಳು ಎರಡು ತಿಂಗಳು ಮಾತು ಬಿಟ್ಟಿದ್ದರು.

ಹದಿನೇಳು ಚಿತ್ರ ಮುಗಿದಿವೆ, ಉಳಿದಿರುವುದು ‘ಒಂಟಿ ಸೇತುವೆ’ ಒಂದೇ. ಈ ಹದಿನೇಳಕ್ಕೂ ಚಿಕ್ಕಬೀರಪ್ಪ ಅಂಕ ಕೊಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ. ಅವರ ಜಾಗ ಬಾಗಿಲ ಬಳಿ. ಆದರೆ ಕಥೆ ಹೇಳಿದವರು ಮಾತ್ರ ಅವರೇ.

ಹೌದು, ಚಿತ್ರಗಳು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವು, ಚಿಕ್ಕಬೀರಪ್ಪ ಗೋಡೆಗೊರಗಿ ನಿಂತು ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಅವರ ಊರು ಕಡೂರು ತಾಲ್ಲೂಕಿನ ಯಗಟಿ. ಒಂಬತ್ತು ವರ್ಷಕ್ಕೆ ತಂದೆ ತೀರಿಕೊಂಡಾಗ ತಾಯಿಯ ತಮ್ಮ ಬಂದು ಹುಡುಗನನ್ನು ಅಜ್ಜಂಪುರಕ್ಕೆ ಕರೆತಂದರು. ಆ ಸೋದರಮಾವ ಇದೇ ಟಾಕೀಸಿನಲ್ಲಿ ಮೆಷಿನ್ ಆಪರೇಟರ್. ಏಳನೇ ಕ್ಲಾಸಿನವರೆಗೆ ಓದಿಸಿ, ತುಂಡಾದ ರೀಲು ಅಂಟಿಸುವುದು ಕಲಿಸಿ, ಹದಿನಾರಕ್ಕೆ ಗೇಟಿಗೆ ನಿಲ್ಲಿಸಿದರು. ಆಗ ಕುಂಗ್‌ಫೂ ಚಿತ್ರಗಳ ಭರಾಟೆ. ಬೆಂಚಿನ ಮೇಲೆ ಕೂತ ರೈತರು, ಹಮಾಲರು ‘ಏನಂತಾನೋ ಅವ್ನು’ ಎಂದು ಗೇಟಿನ ಹುಡುಗನನ್ನೇ ಕೇಳಿದರು. ಹುಡುಗ ಹೇಳಲು ಶುರುಮಾಡಿದ.

“ಬ್ರದರ್, ಸಿಸ್ಟರ್, ಮಾಸ್ಟರ್, ಕಿಲ್. ನಂಗೆ ಬತ್ತಿದ್ದ ಇಂಗ್ಲಿಷು ಈ ನಾಕೇ. ಕುಂಗ್‌ಫೂ ಪಿಚ್ಚರ್‌ಗೆ ಇನ್ನೆಷ್ಟು ಬೇಕು ಹೇಳಿ?” ಎನ್ನುತ್ತಾರೆ ಅವರು.

ಸಾಕಾಗಲಿಲ್ಲ ಎಂಬುದು ‘ಒಂಟಿ ಸೇತುವೆ’ ಬಂದ ದಿನ ಗೊತ್ತಾಯಿತು. ನಾಯಕ ಹುಡುಗಿಯನ್ನು ‘ಸಿಸ್ಟರ್’ ಎಂದ, ಅವಳು ‘ಬ್ರದರ್’ ಎಂದಳು. ಚಿಕ್ಕಬೀರಪ್ಪ ಅಣ್ಣ ತಂಗಿ ಎಂದು ಸಾರಿದರು. ತಂಗಿ ಅಣ್ಣನ ಗಾಯಕ್ಕೆ ಮದ್ದು ಹಚ್ಚುವಾಗ ಬೆಂಚಿನವರ ಕಣ್ಣು ಒದ್ದೆಯಾಯಿತು. ಕೊನೆಯ ರೀಲಿನಲ್ಲಿ ಅಣ್ಣ ತಂಗಿ ಇಬ್ಬರೂ ಕೆಂಪು ಬಟ್ಟೆ ತೊಟ್ಟು ಬಂದು, ಆಕಾಶಕ್ಕೆ ಕೈಮುಗಿದು, ಮದುವೆಯಾಗಿಬಿಟ್ಟರು.

“ಮೊದ್ಲು ಪರದೆಗೊಂದು ಚಪ್ಲಿ ಬಿತ್ತು. ಎರಡ್ನೇದು ನನ್ ಮೇಲೇ ಬಿತ್ತು,” ಎಂದು ಚಿಕ್ಕಬೀರಪ್ಪ ನೆನೆಯುತ್ತಾರೆ.

ಮುಂದಿನ ಆಟಕ್ಕೆ ಇದ್ದದ್ದು ಅರ್ಧ ಗಂಟೆ. ಅಷ್ಟರಲ್ಲಿ ಹುಡುಗ ಇಡೀ ಚೀನಾದ ನಂಟಸ್ತನವನ್ನು ತಿದ್ದಿದ. ‘ಮಾಸ್ಟರ್’ ಅಂದರೆ ಸೋದರಮಾವ. ಹುಡುಗಿ ಸೋದರಮಾವನ ಮಗಳು. ತಂದೆ ಸತ್ತ ಮೇಲೆ ಹುಡುಗ ಮಾವನ ಮನೆ ಸೇರುತ್ತಾನೆ, ಮಾವ ವಿದ್ಯೆ ಕಲಿಸುತ್ತಾನೆ, ಖಳನ ಕೈಯಲ್ಲಿ ಮಾವ ಸಾಯುತ್ತಾನೆ, ಅಳಿಯ ಸೇಡು ತೀರಿಸಿಕೊಂಡು ಮಾವನ ಮಗಳನ್ನೇ ಕೈಹಿಡಿಯುತ್ತಾನೆ. ಎಲ್ಲೂ ಒಂದು ಎಳೆ ತಪ್ಪಲಿಲ್ಲ. ಎರಡನೇ ಆಟಕ್ಕೆ ಬೆಂಚಿನವರು ಟವೆಲಿನಲ್ಲಿ ಮೂಗು ಒರೆಸಿಕೊಂಡು ಹೊರಬಂದರು. ಮೆಷಿನ್ ರೂಮಿನ ಕಿಂಡಿಯಿಂದ ಎಲ್ಲವನ್ನೂ ಕೇಳಿಸಿಕೊಂಡ ಸೋದರಮಾವ ಕೆಳಗಿಳಿದು ಬಂದು, “ಏನಪ್ಪಾ, ನನ್ನೂ ಪಿಚ್ಚರ್‌ಗೆ ಸೇರಿಸ್ಬಿಟ್ಯಾ?” ಎಂದರಂತೆ. ಅವರು ತೀರಿಕೊಂಡು ಈಗ ಮೂವತ್ತು ವರ್ಷ.

ಆಮೇಲೆ ಬಿದಿರು ಡೈರೆಕ್ಟರ್ ಏನೇ ತೆಗೆಯಲಿ, ಅದರಲ್ಲೊಬ್ಬ ಸೋದರಮಾವ ಇದ್ದೇ ಇರುತ್ತಿದ್ದ. ಈ ಭಾಗದ ಅರವತ್ತು ದಾಟಿದವರನ್ನು ಕೇಳಿ ನೋಡಿ, ಕುಂಗ್‌ಫೂ ಎನ್ನುವುದಿಲ್ಲ, ‘ಸೋದರಮಾವನ ಪಿಚ್ಚರ್’ ಎನ್ನುತ್ತಾರೆ.

ಈಗ ವಾರಂಟಿನ ವಿಚಾರ. ಸಂಘದ ಸದಸ್ಯೆ ಸುಮನಾ ಕಡೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಆದರೂ ಹದಿನೇಳು ಚಿತ್ರಗಳಲ್ಲಿ ಚಿಕ್ಕಬೀರಪ್ಪನವರ ದನಿಯ ನಡುವೆ ಅವರಿಗೂ ಇಂಗ್ಲಿಷ್ ಮಾತು ಕಿವಿಗೆ ಬಿದ್ದಿರಲಿಲ್ಲ. ‘ಒಂಟಿ ಸೇತುವೆ’ಯ ಮೂಲ ಚೀನೀ ಮಾತಿನ ಪ್ರತಿಯನ್ನು, ಪರದೆಯ ಕೆಳಗೆ ಮೂಡುವ ಇಂಗ್ಲಿಷ್ ಅಡಿಬರಹದ ಸಮೇತ, ಅವರು ಎಲ್ಲಿಂದಲೋ ಹುಡುಕಿ ತಂದಿದ್ದಾರೆ. ಎರಡು ತಿಂಗಳು ಕೂತು ಸಾವಿರದ ನೂರು ಸಾಲುಗಳನ್ನು ಕನ್ನಡಕ್ಕೆ ಇಳಿಸಿದ್ದಾರೆ. ಇಳಿಸುವಾಗ ಸೋದರಮಾವನಿಗಾಗಿ ಹುಡುಕಿದ್ದಾರೆ. ಸಿಕ್ಕಿಲ್ಲ. ಮೊನ್ನೆ ಬುಧವಾರ ಟಾಕೀಸಿಗೆ ಬಂದು, ಬಾಗಿಲ ಮೆಟ್ಟಿಲ ಮೇಲೆ ಕೂತು, ಮೆಲ್ಲಗೆ ಹೇಳಿದ್ದಾರೆ.

“ಬೀರಪ್ಪಣ್ಣ, ಒಂದೇ ಗುರುಗಳ ಹತ್ರ ಕಲಿತೋರು ಅಲ್ಲಿ ಅಣ್ಣ, ತಂಗಿ ಅಂತ ಕರ್ಕೊಳ್ತಾರೆ. ಅದು ರಕ್ತಸಂಬಂಧ ಅಲ್ಲ. ಆ ಹುಡುಗಿ ಇನ್ನೊಬ್ಬ ಶಿಷ್ಯೆ, ಅಷ್ಟೆ.”

“ಹಂಗಾರೆ ಸೋದರಮಾವ?”

“ಗುರು. ಬರೀ ಗುರು.”

ಚಿಕ್ಕಬೀರಪ್ಪ ಎದ್ದು ಗೇಟಿನ ಮುಂದೆ ಕಸ ಹೊಡೆಯತೊಡಗಿದರಂತೆ. ಅದನ್ನು ನೋಡಲಾರದೆ ಸುಮನಾ, ಬೇಕಾದರೆ ಸೋದರಮಾವ ಅಂತಲೇ ಬರೆಯುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಇವರು ಒಪ್ಪಲಿಲ್ಲ. “ಬ್ಯಾಡಿ ಮೇಡಂ. ಅವ್ರು ಏನಂದವ್ರೋ ಅದ್ನೇ ಬರೀರಿ. ನಾನ್ ಮಾಡಿದ್ದ ನೀವೂ ಮಾಡೋದ್ ಬ್ಯಾಡ.”

ಹೇಳುವುದೇನೋ ಹೇಳಿಬಿಟ್ಟರು, ಅವತ್ತಿನಿಂದ ಊಟದ ಕಡೆ ಗಮನವಿಲ್ಲ. “ಮುದ್ದೆ ಮುಂದೆ ಇಟ್ಕಂಡು ಚೀನಾದೋರ ನಂಟಸ್ತನ ಯೋಚ್ನೆ ಮಾಡ್ತಾ ಕುಂತಿರ್ತಾರೆ,” ಎಂದು ಹೆಂಡತಿ ತಿಮ್ಮಕ್ಕ ದೂರುತ್ತಾರೆ. ದುಡ್ಡಿಲ್ಲ, ಹೊಲವಿಲ್ಲ, ಈ ಮನುಷ್ಯ ಐವತ್ತು ವರ್ಷದಲ್ಲಿ ಸಂಪಾದಿಸಿದ್ದು ಒಂದು ಮಾತನ್ನು ಮಾತ್ರ: ಬೀರಪ್ಪ ಹೇಳಿದ ಮೇಲೆ ಕಥೆ ಅದೇ. ಭಾನುವಾರ ಅದು ಹೋಗುತ್ತದೆ. ಇತ್ತ ಷಡಕ್ಷರಿಯವರಿಗೆ ಇನ್ನೊಂದು ತಲೆನೋವು. “ಹದಿನೇಳು ಪಿಚ್ಚರಿಗೂ ಅಂಕ ಕೊಟ್ಟು ಕೂತಿದ್ದೀವಲ್ಲ, ಅದು ಡೈರೆಕ್ಟ್ರಿಗೋ ಬೀರಪ್ಪಣ್ಣಂಗೋ?”

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟಾಕೀಸಿನಲ್ಲಿ ಸಂಘದವರಲ್ಲದೆ ಇನ್ನೂರು ಜನ. ಪೋಸ್ಟರ್ ನೋಡಿ ಬಂದವರೇ ಹೆಚ್ಚು. ದೀಪ ಆರುವ ಮೊದಲು ಚಿಕ್ಕಬೀರಪ್ಪ ಯಾರೂ ಕರೆಯದೆ ಪರದೆಯ ಮುಂದೆ ಹೋಗಿ ನಿಲ್ಲುತ್ತಾರೆ. ಕೈಯಲ್ಲಿ ಟಾರ್ಚು.

“ಇವತ್ತು ನಾನ್ ಕಥೆ ಹೇಳಲ್ಲ. ಕೆಳ್ಗಡೆ ಕನ್ನಡ ಬತ್ತದೆ, ಓದ್ಕಳಿ. ಇಷ್ಟ್ ವರ್ಷ ನಾನ್ ಹೇಳಿದ್ರಾಗೆ ತಪ್ಪಿತ್ತು. ಸೋದರಮಾವ ಅನ್ನೋನು ಅದ್ರಾಗಿಲ್ಲ. ಗೊತ್ತಿದ್ದು ಮೋಸ ಮಾಡ್ಲಿಲ್ಲ. ಗೊತ್ತಿರ್ಲಿಲ್ಲ, ಹೇಳ್ದೆ. ಹೊಟ್ಟೆಗ್ ಹಾಕ್ಕಳಿ.”

ಅವರು ಬಾಗಿಲ ಬಳಿಗೆ ಹೋಗಿ ಗೋಡೆಗೆ ಒರಗುತ್ತಾರೆ. ಚಿತ್ರ ಶುರುವಾಗುತ್ತದೆ. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ‘ಒಂಟಿ ಸೇತುವೆ’ ನೋಡುತ್ತಾರೆ, ಒಂದೊಂದು ಸಾಲಿಗೂ ತುಟಿ ಆಡಿಸುತ್ತಾ ಓದುತ್ತಾರೆ. ಓದುತ್ತಾ ಓದುತ್ತಾ ಅಂಜಿಕೆ ಮರೆತೇ ಹೋಗುತ್ತದೆ. ಆ ಖಳ ಇಷ್ಟು ಚೆನ್ನಾಗಿ ಮಾತಾಡುತ್ತಾನೆಂದು ಅವರಿಗೆ ಗೊತ್ತೇ ಇರಲಿಲ್ಲ.

ಸೇತುವೆಯ ಮೇಲೆ ಗುರು ಬೀಳುವ ಗಳಿಗೆ ಬರುತ್ತದೆ. ಹುಡುಗ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗುತ್ತಾನೆ. ಕೆಳಗೆ ಅಚ್ಚುಕಟ್ಟಾಗಿ ‘ಗುರುಗಳೇ’ ಎಂದು ಮೂಡುತ್ತದೆ. ಆ ಕತ್ತಲಲ್ಲಿ, ಮೂರನೇ ಸಾಲಿನಿಂದ, ತರೀಕೆರೆಯ ನಿವೃತ್ತ ದಾದಿ ವಿಶಾಲಾಕ್ಷಮ್ಮ ತಡೆಯಲಾರದೆ, “ಅಯ್ಯೋ, ಸೋದರಮಾವ ಹೋಗ್ಬಿಟ್ನಲ್ಲಪ್ಪ,” ಎಂದುಬಿಡುತ್ತಾರೆ. ಒಬ್ಬರು ನಗುತ್ತಾರೆ, ಹತ್ತು ಜನ ನಗುತ್ತಾರೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಸುಮನಾ ಕೂಡ.

ಆಟ ಮುಗಿದ ಮೇಲೆ ಚೀಟಿ ಹಂಚುತ್ತಾರೆ. ಹದಿನೇಳರ ಅಂಕ ರದ್ದು ಮಾಡಬೇಕೇ ಬೇಡವೇ ಎಂದು ಷಡಕ್ಷರಿ ಕೇಳಿದ್ದಕ್ಕೆ ವಿಶಾಲಾಕ್ಷಮ್ಮ ಕೂತಲ್ಲಿಂದಲೇ, “ರದ್ದು ಯಾಕೆ? ಅವಕ್ಕೆ ಇಬ್ರು ಡೈರೆಕ್ಟ್ರು ಅಂತ ಬರೀರಿ,” ಎನ್ನುತ್ತಾರೆ. ಕುದುರೆ ಬಣ್ಣಕ್ಕೆ ಜಗಳವಾಡಿದ್ದ ಕಂಡಕ್ಟರುಗಳೂ ಇದಕ್ಕೆ ಕೈಯೆತ್ತುತ್ತಾರೆ. ಷಡಕ್ಷರಿ ಬಾಗಿಲವರೆಗೆ ನಡೆದುಬಂದು ಚಿಕ್ಕಬೀರಪ್ಪನವರ ಕೈಗೊಂದು ಚೀಟಿ, ಪೆನ್ನು ಕೊಡುತ್ತಾರೆ. ಇವರು ಬಾಗಿಲಿಗೆ ಚೀಟಿ ಒತ್ತಿ ಹಿಡಿದು, ಯೋಚಿಸಿ, ಬರೆದು, ನಾಲ್ಕು ಮಡಿಕೆ ಮಾಡಿ ಕೊಡುತ್ತಾರೆ. ಮುಖದಲ್ಲಿ ಈಗ ನಾಲ್ಕು ದಿನದ ಸುಸ್ತಿಲ್ಲ, ಪರೀಕ್ಷೆಯ ಪೇಪರ್ ತಿದ್ದುವ ಮೇಷ್ಟರ ಗಾಂಭೀರ್ಯವಿದೆ.

ಷಡಕ್ಷರಿ ಒಂದೊಂದೇ ಚೀಟಿ ಬಿಚ್ಚಿ ಓದುತ್ತಾರೆ. ಎಂಟು, ಹತ್ತು, ಎಂಟೂವರೆ, ಹತ್ತು. ಹದಿನೆಂಟರಲ್ಲಿ ‘ಒಂಟಿ ಸೇತುವೆ’ಯೇ ಮೇಲೆ ನಿಲ್ಲುತ್ತದೆ. ಕೊನೆಯಲ್ಲಿ ಉಳಿದ ನಾಲ್ಕು ಮಡಿಕೆಯ ಚೀಟಿಯಲ್ಲಿ ಒಂಬತ್ತು ಎಂದಿದೆ.

“ಒಂದು ಯಾಕೆ ಕಟ್ ಮಾಡಿದ್ರಿ ಬೀರಪ್ಪಣ್ಣ?”

“ಪಿಚ್ಚರ್ ಚೆನ್ನಾಗೈತೆ ಸಾವ್ಕಾರ್ರೆ, ಅದ್ರಾಗೆ ಎರಡ್ ಮಾತಿಲ್ಲ,” ಎನ್ನುತ್ತಾರೆ ಚಿಕ್ಕಬೀರಪ್ಪ. “ಆದ್ರೆ ಮೇಷ್ಟ್ರು ಸತ್ರೆ ಸಿಟ್ಟು ಬತ್ತದೆ. ಸೋದರಮಾವ ಸತ್ರೆ ಅಳು ಬತ್ತದೆ. ಅದೊಂದು ಡೈರೆಕ್ಟ್ರಿಗೆ ಹೊಳೀಲಿಲ್ಲ ನೋಡಿ.”