ರುಕ್ಮಿಣಿ ಆಂಟಿಯ ಸೀನು ನೋಡಲು ಹೋದದ್ದು

ಮಾರ್ಚ್ ಕೊನೆಯ ಶುಕ್ರವಾರ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಡಬ್ಬಿಗೆ ಪುಳಿಯೋಗರೆ ತುಂಬಿಕೊಂಡು ಕ್ಯಾರಲ್ಟನ್ನಿನ ಮನೆಯಿಂದ ಹೊರಟೆ. ನಮ್ಮವರು ಡಾಲಸ್ಸಿನ ಬಸ್ ನಿಲ್ದಾಣಕ್ಕೆ ಬಿಟ್ಟು ಆಫೀಸಿಗೆ ಹೋದರು. ಹ್ಯೂಸ್ಟನ್ನಿಗೆ ಇಪ್ಪತ್ತೆರಡು ಡಾಲರ್ ಟಿಕೆಟ್ಟು, ಸುಮಾರು ಇನ್ನೂರ ನಲವತ್ತು ಮೈಲಿ, ನಾಲ್ಕು ಗಂಟೆಯ ದಾರಿ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮುಂದಿನ ಸೀಟಿನ ಮಗು ಅಷ್ಟು ದೂರವೂ ಅಳದೆ ನಿದ್ದೆ ಮಾಡಿತು. ಎರಡಕ್ಕೂ ರಾಯರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಹ್ಯೂಸ್ಟನ್ನಿನಲ್ಲಿ ಮಗಳ ಮನೆಯಲ್ಲಿರುವ ರುಕ್ಮಿಣಿ ಆಂಟಿ ಹಿಂದೆ ಮೈಸೂರಿನಲ್ಲಿ ನಮ್ಮಮ್ಮನ ಪಕ್ಕದ ಮನೆಯವರು. ಅದಕ್ಕೂ ಮುಂಚೆ, ಎಪ್ಪತ್ತೊಂದರ ಯುದ್ಧದ ಕಾಲದಲ್ಲಿ, ಮುಂಬೈಯಲ್ಲಿದ್ದುಕೊಂಡು ಜನರಿಗೆ ಧೈರ್ಯ ತುಂಬುವ ಕಿರುಚಿತ್ರಗಳಿಗೆ ಕತೆ, ಮಾತು ಬರೆದವರು. ಟಾಕೀಸಿನಲ್ಲಿ ದೊಡ್ಡ ಸಿನಿಮಾಕ್ಕೆ ಮುಂಚೆ ಹತ್ತು ನಿಮಿಷ ತೋರಿಸುತ್ತಿದ್ದರಲ್ಲ, ಅಂಥವು. ಕೊನೆಯದನ್ನು ಬರೆದುಕೊಟ್ಟು ಅವರು ಹೆರಿಗೆಗೆ ತವರಿಗೆ ಬಂದರು. ಚಿತ್ರ ಸಿದ್ಧವಾಗುವಷ್ಟರಲ್ಲಿ ಯುದ್ಧವೇ ಮುಗಿದುಹೋಯಿತು. ಅದು ಡಬ್ಬಿಯಿಂದ ಹೊರಗೆ ಬರಲೇ ಇಲ್ಲ.

ಆ ಚಿತ್ರವನ್ನು ಸಂಕಲನ ಮಾಡಿದವರ ಮಗಳು ಮಾಲಿನಿ ಈಗ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿದ್ದಾಳೆ. ತೀರಿಕೊಂಡ ತಂದೆಯ ಟ್ರಂಕಿನಲ್ಲಿ ಸಿಕ್ಕ ರೀಲನ್ನು ಡಿವಿಡಿ ಮಾಡಿಸಿ ಆಂಟಿಗೆ ಫೋನು ಮಾಡಿದ್ದಳು. ಅಂಚೆಯಲ್ಲಿ ಕಳಿಸುತ್ತೇನೆ ಅಂದದ್ದಕ್ಕೆ ಆಂಟಿ ಒಪ್ಪಲಿಲ್ಲ. ‘ನಿಮ್ಮಪ್ಪ ಜೋಡಿಸಿದ್ದು. ನಿನ್ನ ಮನೇಲೇ ನೋಡ್ತೀನಿ’ ಎಂದರಂತೆ. ಆಂಟಿಯ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತಿದೆ. ಈಗ ಬೆಳಕು, ನೆರಳು, ಆಕಾರ ಅಷ್ಟೇ ತಿಳಿಯುವುದು. ಡಾಕ್ಟರಾಗಿರುವ ಮಗಳು ಸ್ಮಿತಾಳಿಗೆ ಶನಿವಾರ ಡ್ಯೂಟಿ. ಹಾಗಾಗಿ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಶನಿವಾರ ಎಂಟಕ್ಕೆ ಸ್ಮಿತಾಳ ಕಾರಿನಲ್ಲಿ ಹೊರಟೆವು. ಹೈವೇಯಲ್ಲಿ ನಾನು ಅಷ್ಟು ದೂರ ಡ್ರೈವ್ ಮಾಡಿದ್ದು ಅದೇ ಮೊದಲು. ಹಿಂದಿನಿಂದ ಒಬ್ಬ ಹಾರನ್ ಮಾಡಿದ.

‘ಎತ್ತಿನಗಾಡಿ ಅಂದ್ಕೊಂಡಿರಬೇಕು ಕಣೆ ಪಾಪ’ ಎಂದರು ಆಂಟಿ.

ಮಳೆ ಇರಲಿಲ್ಲ, ಬಿಸಿಲೂ ಹದವಾಗಿತ್ತು. ರಸ್ತೆಯ ಎರಡೂ ಬದಿಗೆ ನೀಲಿ ಹೂವು ಹಾಸಿದ ಹಾಗಿತ್ತು. ಆಂಟಿಗೆ ಹೇಳಿದೆ.

‘ಎಷ್ಟು ನೀಲಿ? ಶಂಖಪುಷ್ಪದಷ್ಟಾ?’

‘ಅಷ್ಟಿಲ್ಲ ಆಂಟಿ. ಒಂದೆರಡು ಸಲ ಒಗೆದ ಹಾಗಿದೆ.’

‘ಪರವಾಗಿಲ್ಲ, ಹೇಳೋದಕ್ಕೆ ಬರತ್ತೆ ನಿಂಗೆ. ಇವತ್ತು ನೀನೇ ನನ್ನ ಕಣ್ಣು.’

ಅರ್ಧ ದಾರಿಯಲ್ಲಿ ನಿಲ್ಲಿಸಿ, ಕಾರಿನಲ್ಲೇ ಕೂತು ಚಪಾತಿ ತಿಂದೆವು. ಆಗ ಆಂಟಿ ಹೇಳಿದರು: ‘ಈ ಸಿನಿಮಾದಲ್ಲಿ ಒಂದು ಸೀನಿದೆ. ಅದಕ್ಕೋಸ್ಕರ ಮೇಲಿನ ಆಫೀಸರ್ ಹತ್ರ ಏಳು ತಿಂಗಳ ಬಸುರಿ ಜಗಳ ಆಡಿದೀನಿ. ತೆಗೀರಿ ಅಂದ್ರು, ತೆಗೆಯಲ್ಲ ಅಂದೆ. ಆಮೇಲೆ ಇಟ್ಟರೋ ಕತ್ತರಿಸಿದರೋ ಗೊತ್ತಿಲ್ಲ. ಇಷ್ಟು ವರ್ಷ ಕೊರೀತಿದ್ದದ್ದು ಅದೊಂದೇ.’

‘ಯಾವ ಸೀನು?’

‘ಹೇಳಲ್ಲ. ನಿಂದು ಮೆತ್ತನೆ ಮನಸ್ಸು. ಇಲ್ದಿದ್ರೂ ಇದೆ ಅಂದ್ಬಿಡ್ತೀಯ.’

ಮಾಲಿನಿಯ ಮನೆ ತಲುಪಿದಾಗ ಹನ್ನೆರಡಾಗುತ್ತಾ ಬಂದಿತ್ತು. ಹುಳಿ, ಹಪ್ಪಳ, ಪಾಯಸ ಮಾಡಿ ಕಾದಿದ್ದಳು. ಊಟವಾದ ಮೇಲೆ ಡಿವಿಡಿ ಕೈಯಲ್ಲಿ ಹಿಡಿದು ಹಿಂಜರಿದಳು.

‘ಆಂಟಿ, ಇದಕ್ಕೆ ಸೌಂಡ್ ಇಲ್ಲ. ಆಗ ಚಿತ್ರದ ರೀಲು ಬೇರೆ, ಧ್ವನಿಯ ರೀಲು ಬೇರೆ ಅಂತೆ. ಅಪ್ಪನ ಹತ್ರ ಚಿತ್ರದ್ದು ಮಾತ್ರ ಇತ್ತು.’

ನೋಡಲು ಕಣ್ಣಿಲ್ಲ, ಕೇಳಲು ಮಾತಿಲ್ಲ. ಇಷ್ಟು ದೂರ ಬಂದು ಫಲವೇನು? ಆಂಟಿ ಸ್ವಲ್ಪ ಹೊತ್ತು ಸೆರಗಿನ ಅಂಚು ಸವರುತ್ತಿದ್ದರು.

‘ಮಾತು ನನ್ನ ಹತ್ರ ಇದೆ. ಹಾಕು’ ಎಂದರು.

ನಾನು ಕಂಡದ್ದನ್ನು ಹೇಳುತ್ತಾ ಹೋದೆ. ತಾಯಿ ಸ್ವೆಟರ್ ಹೆಣೆಯುತ್ತಿದ್ದಾಳೆ. ಮಗ ಸೈನಿಕನ ಬಟ್ಟೆಯಲ್ಲಿ ರೈಲು ಹತ್ತುತ್ತಾನೆ. ಅವನ ಪುಟ್ಟ ತಂಗಿ ಕೈ ಬೀಸುತ್ತಾಳೆ. ಪ್ರತಿಯೊಂದಕ್ಕೂ ಆಂಟಿ ಅದರದರ ಮಾತು ಹೇಳಿದರು, ಒಂದೂ ತಡವರಿಸದೆ. ತಾಯಿ ಕಿಟಕಿಗೆ ಕಂಬಳಿ ಕಟ್ಟಿದಳು, ದೀಪ ಆರಿಸಿದಳು. ಅಷ್ಟೇ. ಟಿವಿ ಪೂರ್ತಿ ಕಪ್ಪಾಯಿತು.

‘ಇಲ್ಲಿ ರೀಲು ಹಾಳಾಗಿದೆ ಅನ್ಸತ್ತೆ, ಮುಂದಕ್ಕೆ ಓಡಿಸ್ತೀನಿ’ ಎಂದು ಮಾಲಿನಿ ರಿಮೋಟ್ ಎತ್ತಿಕೊಂಡಳು.

‘ಯಾಕೆ ಸುಮ್ಮನಾದೆ?’ ಆಂಟಿ ನನ್ನ ಮಣಿಕಟ್ಟು ಹಿಡಿದರು.

ಆ ಸೀನು ಈ ಹಾಳಾದ ಭಾಗದಲ್ಲೇ ಹೋಗಿರಬೇಕು ಅನ್ನಿಸಿತು. ಏನಾದರೂ ಕಟ್ಟಿ ಹೇಳೋಣವೆಂದರೆ ಬಾಯಿ ಬರಲಿಲ್ಲ. ‘ಏನೂ ಕಾಣ್ತಿಲ್ಲ ಆಂಟಿ. ಬರೀ ಕತ್ತಲೆ.’

‘ಮುಟ್ಟಬೇಡ ಮಾಲಿನಿ’ ಎಂದರು ಆಂಟಿ. ಆಮೇಲೆ ಬೇರೆಯೇ ದನಿಯಲ್ಲಿ, ಮಗುವಿನ ಕಿವಿಯಲ್ಲಿ ಹೇಳುವ ಹಾಗೆ: ‘ಹೆದರಬೇಡ ಪುಟ್ಟಿ. ದೀಪ ಆರಿದೆ ಅಷ್ಟೆ, ಮನೆ ಎಲ್ಲೂ ಹೋಗಿಲ್ಲ. ಇಗೋ ನನ್ನ ಕೈ. ಇದು ಗೋಡೆ. ಇದು ನೀರಿನ ಕೊಡ, ತಣ್ಣಗಿದೆ ಅಲ್ವಾ? ನಿಮ್ಮಣ್ಣನೂ ಕತ್ತಲಲ್ಲೇ ಕೂತಿರ್ತಾನೆ. ನಾವೆಲ್ಲಿದೀವಿ ಅಂತ ಅವನಿಗೆ ಗೊತ್ತು.’

ಮೂವರೂ ಕಪ್ಪು ತೆರೆಯ ಮುಂದೆ ಕೂತಿದ್ದೆವು. ಆ ಹೊತ್ತಿನಲ್ಲಿ ಆಂಟಿಗಿಂತ ಹೆಚ್ಚು ನಮಗೂ ಏನೂ ಕಾಣುತ್ತಿರಲಿಲ್ಲ.

‘ಈಗ ಕಂಬಳಿ ತೆಗೀತಾಳೆ’ ಎಂದರು. ಅವರ ಮಾತು ಮುಗಿಯುವಷ್ಟರಲ್ಲಿ ತೆರೆಯ ಮೇಲೆ ಬೆಳಗಾಯಿತು. ತಾಯಿ ಕಿಟಕಿಯಲ್ಲಿ ನಿಂತಿದ್ದಳು.

‘ತೆಗೆದಳು ಆಂಟಿ.’

‘ಇದೇ ಸೀನು ಕಣೆ. ಬಾಂಬ್ ಹಾಕೋ ವಿಮಾನಕ್ಕೆ ಕಾಣಬಾರದು ಅಂತ ಆಗ ಊರೆಲ್ಲ ದೀಪ ಆರಿಸ್ತಿದ್ರಲ್ಲ, ಆ ರಾತ್ರಿ. ಕತ್ತಲೆ ತೋರಿಸಿದ್ರೆ ಜನ ಆಪರೇಟರ್‌ಗೆ ಬೈದು ಸೀಟಿ ಹೊಡೀತಾರೆ ಅಂದಿದ್ರು ಆಫೀಸರ್ರು.’ ಮಾಲಿನಿಯ ಕಡೆ ತಿರುಗಿ, ‘ನಿಮ್ಮಪ್ಪ ಕತ್ತರಿ ಹಾಕಿಲ್ಲ’ ಎಂದರು. ಮಾಲಿನಿ ಕಣ್ಣೊರೆಸಿಕೊಂಡು, ‘ನಾನೇ ಹಾಕ್ಬಿಡ್ತಿದ್ದೆ’ ಎಂದು ನಕ್ಕಳು.

ಭಾನುವಾರ ಆಂಟಿಯನ್ನು ಸುರಕ್ಷಿತವಾಗಿ ಹ್ಯೂಸ್ಟನ್ನಿಗೆ ತಲುಪಿಸಿದೆ. ಕಾರಿಗೆ ಒಂದು ಗೀರೂ ಆಗಲಿಲ್ಲ; ಅದೂ ರಾಯರ ದಯೆ. ಸ್ಮಿತಾ ನನ್ನನ್ನು ಬಸ್ಸಿಗೆ ಬಿಡಲು ಕಾರು ಹೊರಡಿಸಿದಾಗ ತಿರುಗಿ ನೋಡಿದೆ. ಆಂಟಿ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದರು, ಪಕ್ಕದ ಮನೆಯವರ ನಿಂತ ಕಾರಿಗೆ. ನಾನು ಸ್ಮಿತಾಳಿಗೆ ನಿಲ್ಲಿಸಲು ಹೇಳಿ ಇಳಿದು, ಬೇಗ ಬೇಗ ಹೋಗಿ ಆ ಕಾರಿನ ಪಕ್ಕದಲ್ಲಿ ನಿಂತು ಕೈ ಬೀಸಿದೆ.

‘ಬರ್ತೀನಿ ಆಂಟಿ. ಕಾಣ್ತೀನಾ?’

‘ಕಾಣದೆ ಏನು? ಸೀರೆ ಚೆನ್ನಾಗಿದೆ.’

ನಾನು ತೊಟ್ಟಿದ್ದದ್ದು ಚೂಡಿದಾರ. ‘ಹೊಸದು ಆಂಟಿ’ ಎಂದೆ.